ಸುಳಿ ಅಳಿಯುವುದಿಲ್ಲ ಅಂದವರು ಯಾರು?

‘ನ್ಯಾನೋ ಅಯಸ್ಕಾಂತ’ದ ಬಳೆ ಹಾಕಿದರೆ ಮಂಡಿನೋವು ಹೋಗುತ್ತದಾ ಸರ್? – ಸೋಮವಾರಪೇಟೆ

ಮೋಸ. ಡಾಕ್ಟರಿಗೆ ತೋರಿಸಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಅದನ್ನು ಹತ್ತಿರವೂ ತರಬೇಡಿ.

ನ್ಯಾನೋ ಬಿಲ್ಲೆಯೊಳಗಿನ ಕಾಂತೀಯ ಸುಳಿಗೆ ಟೋಪಾಲಜಿಯ (ಬಗ್ಗಿಸಿದರೂ ಹಿಗ್ಗಿಸಿದರೂ ಬದಲಾಗದ ಗುಣಗಳ ಗಣಿತ) ರಕ್ಷಣೆ ಇದೆಯಂತೆ. ಹಾಗಾದರೆ ಅದರಲ್ಲಿಟ್ಟ ಮಾಹಿತಿ ಎಂದೂ ಅಳಿಯುವುದಿಲ್ಲ ಅಲ್ವಾ? – ಎಂಎಸ್ಸಿ ವಿದ್ಯಾರ್ಥಿನಿ, ಮಡಿಕೇರಿ

ಅಳಿಯುತ್ತದಮ್ಮ. ಕುಶಾಲನಗರದಿಂದ, ವಿರಾಜಪೇಟೆಯಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ಇವತ್ತು ಬಿಡಿಸಿ ಹೇಳಿಬಿಡುತ್ತೇನೆ.

ನಿಕಲ್ ಮತ್ತು ಕಬ್ಬಿಣ ಬೆರೆಸಿದ ಪರ್ಮಲಾಯ್‌ನ ತೆಳು ಬಿಲ್ಲೆಯಲ್ಲಿ ಕಾಂತದ ದಿಕ್ಕು ತೋರುವ ಬಾಣಗಳು ಅಂಚಿನಾಚೆ ಮುಖ ಮಾಡಿದರೆ ಶಕ್ತಿ ಜಾಸ್ತಿ ಬೇಕು. ಅದಕ್ಕೇ ಅಂಚಿನಗುಂಟ ಸುತ್ತುತ್ತವೆ. ನಟ್ಟನಡುವೆ ಮಲಗಲು ದಿಕ್ಕೇ ಉಳಿಯದೆ ಎದ್ದು ನಿಲ್ಲುತ್ತವೆ. ಸುಮಾರು 10 ನ್ಯಾನೋಮೀಟರ್ ಅಗಲದ ಈ ತಿರುಳು ಮೇಲಕ್ಕೋ ಕೆಳಕ್ಕೋ ನೋಡುತ್ತದೆ. ಮಾಹಿತಿ ಇಡುವುದು ಈ ಮೇಲೆ-ಕೆಳಗಿನಲ್ಲೇ. ಜಪಾನಿನ ವಿಜ್ಞಾನಿಗಳು 2000ದಲ್ಲೇ ಇದರ ಚಿತ್ರ ತೆಗೆದರು.

ಟೋಪಾಲಜಿ ಕಾಯುವುದು ಒಂದು ಮೊತ್ತವನ್ನು ಮಾತ್ರ, ಬಾಣಗಳು ಎಷ್ಟು ಸುತ್ತು ತಿರುಗುತ್ತವೆ ಎಂಬ ಲೆಕ್ಕವನ್ನು. ಸುಳಿಗೆ +1, ಎದುರುಸುಳಿಗೆ (ಅದರ ಸುತ್ತ ಒಂದು ಸುತ್ತು ಬಂದರೆ ಬಾಣ ಎದುರು ದಿಕ್ಕಿಗೆ ತಿರುಗುತ್ತದೆ) −1, ಅಂಚಿನ ದೋಷಕ್ಕೆ (ಬಾಣಗಳು ಅಂಚಿನಗುಂಟ ಸಾಗದೆ ತಪ್ಪುವ ಜಾಗ) +½ ಅಥವಾ −½. ಎಲ್ಲ ಕೂಡಿದರೆ ಒಂದರಲ್ಲಿ ತೂತುಗಳ ಸಂಖ್ಯೆ ಕಳೆದಷ್ಟು ಬರಬೇಕು. ಉದ್ದಿನ ವಡೆಯಂತೆ ನಡುವೆ ತೂತು ಮಾಡಿದರೆ ಮೊತ್ತ ಸೊನ್ನೆ, ತಿರುಳೇ ಬೇಕಿಲ್ಲ. ಎರಡು ತೂತಾದರೆ −1. ಆಗ ಒಂದು ಎದುರುಸುಳಿಯೋ, ಅಂಚಿನಲ್ಲಿ ಎರಡು −½ ದೋಷಗಳೋ ಬರಲೇಬೇಕು. ಆಕಾರ ಕೊರೆದು ಕಾಂತದ ವಿನ್ಯಾಸವನ್ನು ಹಿಡಿತಕ್ಕೆ ತರುವುದು ಹೀಗೆ. ಎಷ್ಟು ಚೆಂದದ ಲೆಕ್ಕ!

ಆದರೆ ಮೊತ್ತ ಉಳಿದ ಮಾತ್ರಕ್ಕೆ ಸುಳಿ ಉಳಿಯುವುದಿಲ್ಲ. ಪಕ್ಕದಿಂದ ಕಾಂತಕ್ಷೇತ್ರ ಏರಿಸುತ್ತಾ ಹೋಗಿ. ಸುಳಿ ಅಂಚಿಗೆ ಜಾರಿ ಹೊರಬೀಳುತ್ತದೆ. ಬಾಣಗಳೆಲ್ಲ ಒಂದೇ ಕಡೆ ತಿರುಗಿ ಅಂಚಿನಲ್ಲಿ ಎರಡು +½ ಉಳಿಯುತ್ತವೆ. ಲೆಕ್ಕ ಸರಿ, ಮಾಹಿತಿ ಹೋಯಿತು. ತಿರುಳನ್ನು ಉಲ್ಟಾ ಮಾಡುವುದಂತೂ ಕ್ಷೇತ್ರದ ಸಣ್ಣ ತುಡಿತದಿಂದ 2006ರಲ್ಲೇ ಸಾಧ್ಯವಾಗಿದೆ. ಗಣಿತದ ನುಣುಪು ಹಾಳೆಯಲ್ಲಿ ಆಗದ ಕೆಲಸ, ಬಿಡಿಬಿಡಿ ಪರಮಾಣುಗಳ ಲೋಹದಲ್ಲಿ ಬರೀ ಕಷ್ಟದ ಕೆಲಸ, ಅಷ್ಟೇ. ಪ್ರಾಜೆಕ್ಟ್ ವರದಿಯಲ್ಲಿ ಸುಮ್ನೆ ‘ಶಾಶ್ವತ’ ಅಂತ ಬರೆಯಬೇಡಿ. ದಾಟಬೇಕಾದ ಶಕ್ತಿಯ ತಡೆ ಎಷ್ಟು, ತಾಪಮಾನ ಎಷ್ಟು, ಅಂಚು ಎಷ್ಟು ನುಣುಪು ಅಂತ ಬರೆಯಿರಿ. ನಾನಾದರೆ ಇವು ಮೂರೂ ಇಲ್ಲದ ವರದಿಗೆ ಸಹಿ ಹಾಕುವುದಿಲ್ಲ.

ಸ್ಕಿರ್ಮಿಯಾನ್ (ಕಾಂತದ ಇನ್ನೊಂದು ಬಗೆಯ ಪುಟ್ಟ ಸುಳಿ) ಪ್ರಯೋಗ ಕಾಲೇಜಿನಲ್ಲೇ ಮಾಡಬಹುದೇ? – ಗೋಣಿಕೊಪ್ಪ

2009ರಲ್ಲಿ ಅದು ಕಂಡ ಮ್ಯಾಂಗನೀಸ್ ಸಿಲಿಸೈಡ್‌ಗೆ ಸೊನ್ನೆಗಿಂತ ಸುಮಾರು 244 ಡಿಗ್ರಿ ಕೆಳಗಿನ ಚಳಿ ಬೇಕು. ಕಂಪ್ಯೂಟರಿನಲ್ಲಿ ಮಾಡಿ. ಮುಮ್ಯಾಕ್ಸ್ 3 ಎಂಬ ಕಾಂತದ ಲೆಕ್ಕದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುವ ಮುಂಚೆ ಸೇವ್ ಮಾಡಿಕೊಳ್ಳಿ.

ತೋಟದ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಕಾಳುಮೆಣಸು ಹೆಚ್ಚು ಬಿಡುತ್ತದಾ? – ಸಿದ್ದಾಪುರ

ಆ ದುಡ್ಡಿನಲ್ಲಿ ಮಣ್ಣು ಪರೀಕ್ಷೆ ಮಾಡಿಸಿ.