ಮಡಿಲಲ್ಲೇ ಮಗು ಇದೆ, ಆದರೂ ಕಳೆದುಕೊಂಡ ಹಾಗೆ ಯಾಕೆ ಅನಿಸುತ್ತಿದೆ?

ಪ್ರಶ್ನೆ: ನಮ್ಮ ಮಗನಿಗೆ ಈಗ 4 ತಿಂಗಳು. ಹುಟ್ಟಿದಾಗ ಮಾಡಿದ ಕಿವಿ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ‘ಏನೂ ಇರಲಿಕ್ಕಿಲ್ಲ, ಮತ್ತೊಮ್ಮೆ ನೋಡೋಣ’ ಅಂದರು. ಎರಡನೇ ಸಲವೂ ಹಾಗೇ ಆಯಿತು. ಹೋದ ವಾರ ಬೇರಾ ಟೆಸ್ಟ್ ಮಾಡಿ, ಎರಡೂ ಕಿವಿ ಕೇಳಿಸುವುದಿಲ್ಲ ಎಂದರು. ಆಮೇಲೆ ಅವರು ಹೇಳಿದ್ದು ಒಂದೂ ನೆನಪಿಲ್ಲ. ಬಸಿರಿನಲ್ಲಿ ನನಗೆ ಒಂದು ಸಲ ಜ್ವರ ಬಂದಿತ್ತು, ಅದರಿಂದಲೇ ಹೀಗಾಯಿತಾ? ನನ್ನ ಗಂಡ ಅಂದಿನಿಂದ ಮಾತೇ ಆಡುತ್ತಿಲ್ಲ, ರಾತ್ರಿಯೆಲ್ಲ ಫೋನಲ್ಲಿ ಏನೇನೋ ಓದುತ್ತಾರೆ. ಅತ್ತೆ ಮಾತ್ರ ‘ಇವನ ಅಪ್ಪನೂ ಮಾತಾಡಿದ್ದು ಲೇಟು, ಸುಮ್ನೆ ಹೆದರಬೇಡ’ ಅನ್ನುತ್ತಾರೆ. ನಾನು ದಿನಾ ಜೋಗುಳ ಹಾಡುತ್ತಿದ್ದೆ. ಈಗ ಬಾಯಿ ಬರುತ್ತಿಲ್ಲ. ಮಗು ಮಡಿಲಲ್ಲೇ ಇದ್ದಾನೆ, ಆದರೂ ಅವನನ್ನು ಕಳೆದುಕೊಂಡ ಹಾಗೆ ಅನಿಸುತ್ತಿದೆ. ಹೀಗೆ ಅನಿಸುವುದಕ್ಕೇ ನಾಚಿಕೆಯಾಗುತ್ತದೆ.

ಉತ್ತರ: ಅಮ್ಮ, ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಮನಸ್ಸಿನಲ್ಲೂ ಒಂದು ಮಗು ಬೆಳೆಯುತ್ತಿರುತ್ತದೆ. ಅದು ಕರೆದರೆ ತಿರುಗುತ್ತದೆ, ಹಾಡಿದರೆ ನಿದ್ದೆ ಹೋಗುತ್ತದೆ, ಒಂದು ದಿನ ‘ಅಮ್ಮಾ’ ಅನ್ನುತ್ತದೆ. ಹೋದ ವಾರ ನೀವು ಕಳೆದುಕೊಂಡಿದ್ದು ಆ ಮಗುವನ್ನು. ಅದಕ್ಕೆ ಅಳು ಬರುವುದು ಸಹಜ, ಅತ್ತುಬಿಡಿ. ಮಡಿಲಲ್ಲಿ ಇರುವವನು ಏನನ್ನೂ ಕಳೆದುಕೊಂಡಿಲ್ಲ. ಟೆಸ್ಟಿಗೆ ಮುಂಚೆ ಹೇಗಿದ್ದನೋ ಈಗಲೂ ಹಾಗೇ ಇದ್ದಾನೆ.

ಒಂದು ವಿಷಯ ಹೇಳುತ್ತೇನೆ. ಅಪ್ಪ ಅಮ್ಮ ಇಬ್ಬರೂ ಕಿವುಡರಾಗಿರುವ ಮನೆಯಲ್ಲಿ ಇದೇ ರಿಪೋರ್ಟ್ ಬಂದರೆ ಎಷ್ಟೋ ಸಲ ಯಾರೂ ಅಳುವುದಿಲ್ಲ. ‘ಸರಿ, ನಮ್ಮ ಹಾಗೆ’ ಅಂದುಕೊಳ್ಳುತ್ತಾರೆ. ಕೆಲವರು ಖುಷಿಯನ್ನೂ ಪಡುತ್ತಾರೆ. ಆ ಮಗುವಿನ ಜೊತೆ ಬದುಕುವುದು ಹೇಗೆ ಅಂತ ಅವರಿಗೆ ಮೊದಲೇ ಗೊತ್ತು. ನಿಮಗೆ ಗೊತ್ತಿಲ್ಲ, ಅದಕ್ಕೇ ಕತ್ತಲೆ ಅನಿಸುತ್ತಿದೆ. ಕಿವುಡಾಗಿ ಹುಟ್ಟುವ 10 ಮಕ್ಕಳಲ್ಲಿ 9ಕ್ಕಿಂತ ಜಾಸ್ತಿ ಮಕ್ಕಳು ಕಿವಿ ಕೇಳುವ ತಂದೆತಾಯಿಗೇ ಹುಟ್ಟುತ್ತಾರೆ. ಅವರಲ್ಲಿ ಹೆಚ್ಚಿನವರು ಈ ವಿಷಯ ತಿಳಿಯುವವರೆಗೂ ಒಬ್ಬ ಕಿವುಡರ ಜೊತೆಯೂ ಕೂತು ಮಾತಾಡಿರುವುದಿಲ್ಲ. ಬೆಳೆದು, ಓದಿ, ಕೆಲಸ ಮಾಡಿಕೊಂಡು, ಸಂಸಾರ ನಡೆಸುತ್ತಿರುವ ಕಿವುಡರೊಬ್ಬರನ್ನು ಈ ತಿಂಗಳಲ್ಲೇ ಭೇಟಿಯಾಗಿ. ಅವರ ಎದುರು ಅರ್ಧ ಗಂಟೆ ಕೂತರೆ ಆಗುವ ಸಮಾಧಾನ ನನ್ನ ಹತ್ತು ಪುಟದ ಉತ್ತರದಿಂದಲೂ ಆಗುವುದಿಲ್ಲ.

ಡಾಕ್ಟರ್ ಹೇಳಿದ್ದು ನೆನಪಿಲ್ಲ ಅಂದಿರಲ್ಲ, ಅದೂ ಎಲ್ಲರಿಗೂ ಆಗುವುದೇ. ‘ಕೇಳಿಸುವುದಿಲ್ಲ’ ಅನ್ನುವ ಒಂದು ಪದ ಬಿದ್ದ ಮೇಲೆ ಉಳಿದದ್ದು ತಲೆಗೆ ಹೋಗುವುದಿಲ್ಲ. ಇನ್ನೊಂದು ಸಲ ಸಮಯ ಕೇಳಿ. ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಉತ್ತರ ಬರೆದುಕೊಳ್ಳುವ ಕೆಲಸ ಅವರದಾಗಲಿ.

ಇನ್ನು ಮನೆಯಲ್ಲಿ ನಡೆಯುವ ಟೆಸ್ಟ್. ನೀವು ಬರೆದಿಲ್ಲ, ಆದರೆ ನೀವೂ ಮಾಡಿರುತ್ತೀರಿ, ಅಲ್ವಾ? ಮಗು ಕಣ್ಣು ಬಿಟ್ಟುಕೊಂಡು ಮಲಗಿರುತ್ತದೆ. ಅಪ್ಪ ಉಸಿರು ಬಿಗಿಹಿಡಿದು ಹಿಂದಿನಿಂದ ಬಂದು ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾನೆ. ಅಮ್ಮ ಮುಂದೆ ಕೂತು ಮಗುವಿನ ಕಣ್ಣನ್ನೇ ನೋಡುತ್ತಾಳೆ. ಮಗು ತಿರುಗುತ್ತದೆ! ಇಬ್ಬರೂ ಕುಣಿದಾಡುತ್ತಾರೆ. ಐದು ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿದರೆ ತಿರುಗುವುದಿಲ್ಲ. ಅರ್ಧರಾತ್ರಿಯ ತನಕ ಇದೇ. ಮೊದಲ ಸಲ ಮಗು ತಿರುಗಿದ್ದು ಗೋಡೆಯ ಮೇಲೆ ಆಡಿದ ನೆರಳಿಗೆ ಇರಬಹುದು, ಮಂಚಕ್ಕೆ ತಾಗಿದ ಮೊಣಕಾಲಿಗೆ ಇರಬಹುದು, ನಿಮ್ಮ ಮುಖದಲ್ಲಿ ಮೂಡಿದ ಆಸೆಗೂ ಇರಬಹುದು. ಕಿವುಡ ಮಕ್ಕಳ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತದೆ. ಬಾಗಿಲು ಧಡ್ ಅಂತ ಹಾಕಿದಾಗ ಬೆಚ್ಚಿಬೀಳುವುದೂ ಎಷ್ಟೋ ಸಲ ನೆಲದ ಅದುರಿಗೆ. ಈ ಟೆಸ್ಟ್ ನಿಲ್ಲಿಸಿ. ಇದರಿಂದ ಯಾವುದೂ ಇತ್ಯರ್ಥ ಆಗುವುದಿಲ್ಲ, ನಿಮ್ಮಿಬ್ಬರ ನಿದ್ದೆ ಮಾತ್ರ ಹೋಗುತ್ತದೆ.

ನಿಮ್ಮ ಅತ್ತೆಯ ಮಾತಿಗೂ ಉತ್ತರ ಇಲ್ಲೇ ಇದೆ. ಬೇರಾ ಟೆಸ್ಟ್ ಮಾತು ಬರುತ್ತಾ ಇಲ್ಲವಾ ಅಂತ ನೋಡುವುದಲ್ಲ. ನಿದ್ದೆ ಮಾಡುತ್ತಿರುವ ಮಗುವಿನ ತಲೆಗೆ ತಂತಿ ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಶಬ್ದ ಬಿಟ್ಟು, ನರ ಮತ್ತು ಮಿದುಳಿನ ಬುಡ ಅದಕ್ಕೆ ಓಗೊಡುತ್ತವಾ ಅಂತ ಅಳೆಯುತ್ತಾರೆ. ಅಪ್ಪ ಲೇಟಾಗಿ ಮಾತಾಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಿವಿಯೊಳಗೆ ನೀರು ತುಂಬಿರುವ ಅನುಮಾನ ಇದ್ದರೆ ಅದಕ್ಕೂ ಬೇರೆ ಪರೀಕ್ಷೆ ಇದೆ, ಕೇಳಿ ಮಾಡಿಸಿ. ಇನ್ನೊಂದು ಕಡೆ ತೋರಿಸಬೇಕು ಅನಿಸಿದರೆ ಖಂಡಿತ ತೋರಿಸಿ, ಆದರೆ ಈ ವಾರವೇ ತೋರಿಸಿ. ‘ನೋಡೋಣ, ನೋಡೋಣ’ ಅನ್ನುವುದರಲ್ಲೇ ವರ್ಷ ಕಳೆದ ಮನೆಗಳು ಬಹಳ. ಅತ್ತೆಯ ಮೇಲೆ ಕೋಪ ಬೇಡ. ಅವರ ಮಾತಿನ ಹಿಂದೆಯೂ ದುಃಖವೇ ಇದೆ. ಮೊಮ್ಮಗನ ಜೊತೆಗೆ ಮಗನ ಸಂಕಟವನ್ನೂ ಅವರು ನೋಡುತ್ತಿದ್ದಾರೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ, ಟೆಸ್ಟ್ ಹೇಗೆ ಮಾಡುತ್ತಾರೆ ಅಂತ ಅವರೇ ಕಣ್ಣಾರೆ ನೋಡಲಿ.

ಈಗ ಜ್ವರದ ಮಾತು. ಎಲ್ಲ ತಾಯಂದಿರೂ ಒಂಬತ್ತು ತಿಂಗಳನ್ನು ಹಿಂದಕ್ಕೆ ಓಡಿಸಿ, ಒಂದೊಂದು ದಿನವನ್ನೂ ಹೆಕ್ಕಿ ನೋಡುತ್ತಾರೆ. ಬಿದ್ದಿದ್ದೆನಾ, ಯಾವ ಮಾತ್ರೆ ನುಂಗಿದೆ, ಜೋರು ಸದ್ದಿನ ಕಡೆ ಹೋಗಿದ್ದೆನಾ ಅಂತ. ನಿಜ ಏನೆಂದರೆ, 1000 ಮಕ್ಕಳಲ್ಲಿ 1ರಿಂದ 3 ಮಕ್ಕಳು ಹುಟ್ಟುವಾಗಲೇ ಕಿವಿಯ ತೊಂದರೆ ಇಟ್ಟುಕೊಂಡು ಹುಟ್ಟುತ್ತಾರೆ. ಅದರಲ್ಲಿ ಅರ್ಧದಷ್ಟಾದರೂ ಜೀನ್‌ನಿಂದ ಬಂದದ್ದು. ಮನೆತನದಲ್ಲಿ ಯಾರೂ ಕಿವುಡರಿಲ್ಲದೆಯೂ ಹೀಗಾಗುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಚೆನ್ನಾಗಿ ಕೇಳಿಸುತ್ತಿರುತ್ತದೆ, ಇಬ್ಬರಲ್ಲೂ ಬದಲಾದ ಒಂದೊಂದು ಜೀನ್ ತೆಪ್ಪಗೆ ಕೂತಿರುತ್ತದೆ. ಎರಡೂ ಒಂದೇ ಮಗುವಿಗೆ ಬಂದರೆ ಕಿವಿ ಕೇಳಿಸುವುದಿಲ್ಲ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ 4ರಲ್ಲಿ 1ರಷ್ಟು ಸಾಧ್ಯತೆ. ಇದರಲ್ಲಿ ಹೆಚ್ಚಾಗಿ ಕಾಣಿಸುವ ಜಿಜೆಬಿ2 ಅನ್ನುವ ಜೀನ್ ಹೀಗೆ ಮಾಡುತ್ತದೆ ಅಂತ ಗೊತ್ತಾಗಿದ್ದೇ 1997ರಲ್ಲಿ. ಸಿಎಂವಿ ಅನ್ನುವ ವೈರಸ್ ಕೂಡ ಒಂದು ಕಾರಣ. ಅದು ಬಂದು ಹೋಗಿದ್ದು ಎಷ್ಟೋ ಗರ್ಭಿಣಿಯರಿಗೆ ಗೊತ್ತೇ ಆಗುವುದಿಲ್ಲ, ಸಣ್ಣ ಜ್ವರದ ಹಾಗೆ ಇರುತ್ತದೆ, ಅಥವಾ ಅದೂ ಇರುವುದಿಲ್ಲ. ನಿಮ್ಮ ಜ್ವರ ಅದೇನಾ ಅಂತ ನಾನು ಇಲ್ಲಿ ಕೂತು ಹೇಳಲಾರೆ, ಡಾಕ್ಟರನ್ನು ಕೇಳಿ. ಆದರೆ ಒಂದು ಪಕ್ಷ ಅದೇ ಆಗಿದ್ದರೂ ಜ್ವರ ಬಂದದ್ದು ನಿಮ್ಮ ತಪ್ಪಲ್ಲ. ಕಾರಣ ಹುಡುಕಿ. ಮುಂದಿನ ಮಗುವಿನ ಯೋಚನೆಗೂ ಈ ಮಗುವಿನ ಚಿಕಿತ್ಸೆಗೂ ಅದು ಬೇಕಾಗುತ್ತದೆ. ತಪ್ಪಿತಸ್ಥರನ್ನು ಮಾತ್ರ ಹುಡುಕಬೇಡಿ.

ನಿಮ್ಮ ಗಂಡ ಮಾತಾಡುತ್ತಿಲ್ಲ ಅಂದಿರಿ. ಅವರು ರಾತ್ರಿಯೆಲ್ಲ ಓದುತ್ತಿರುವುದೇ ಅವರ ಅಳು ಇರಬಹುದು. ಕೆಲವರು ಅಳುತ್ತಾರೆ, ಕೆಲವರು ಸಿಟ್ಟಾಗುತ್ತಾರೆ, ಕೆಲವರು ಫೈಲ್ ಮಾಡಿ ರಿಪೋರ್ಟ್ ಜೋಡಿಸುತ್ತಾರೆ. ದುಃಖಕ್ಕೆ ಐದು ಮೆಟ್ಟಿಲು ಅಂತ ನೀವೂ ಎಲ್ಲೋ ಓದಿರಬಹುದು. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ನಿಮ್ಮ ಮಗು ಸಾಯುತ್ತಿಲ್ಲ, ಬೆಳೆಯುತ್ತಿದ್ದಾನೆ. ಆ ಮೆಟ್ಟಿಲಿನಲ್ಲಿ ನಾವು ಎಲ್ಲಿದ್ದೇವೆ ಅಂತ ಅಳೆದುಕೊಳ್ಳಬೇಡಿ. ಒಂದು ದಿನ ಎಲ್ಲ ಸರಿಹೋಯಿತು ಅನಿಸುತ್ತದೆ, ಮಾರನೇ ದಿನ ಪಕ್ಕದ ಮನೆಯ ಮಗು ‘ಅಮ್ಮಾ’ ಅಂದರೆ ಗಂಟಲು ಕಟ್ಟುತ್ತದೆ. ಆ ದುಃಖ ಮೊದಲ ಹುಟ್ಟುಹಬ್ಬಕ್ಕೆ ಬರಬಹುದು, ಶಾಲೆಗೆ ಸೇರಿಸುವಾಗಲೂ ಬರಬಹುದು. ಇಷ್ಟು ಮಾಡಿ: ದಿನಾ ರಾತ್ರಿ ಹತ್ತು ನಿಮಿಷ ಇಬ್ಬರೂ ಜೊತೆಗೆ ಕೂರಿ, ಫೋನು ದೂರ ಇಡಿ. ಅವತ್ತು ಮಗು ಏನು ಮಾಡಿದ ಅನ್ನುವುದೊಂದನ್ನೇ ಮಾತಾಡಿ.

ಒಂದು ಎಚ್ಚರಿಕೆ ಮಾತ್ರ. ನೀವು ಬಾಣಂತನದಿಂದ ಈಗಷ್ಟೇ ಎದ್ದಿರುವವರು. ಮಗು ಮಲಗಿದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಹೀಗೇ ಹೋದರೆ ಡಾಕ್ಟರನ್ನು ನೋಡಿ. ನಿಮಗೋ ಮಗುವಿಗೋ ಏನಾದರೂ ಮಾಡಿಕೊಳ್ಳಬೇಕು ಅನ್ನುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಹೆರಿಗೆಯ ನಂತರದ ಖಿನ್ನತೆಗೆ ಚಿಕಿತ್ಸೆ ಇದೆ.

ನಾನು ನಿಮಗೆ ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು ಇದು: ದುಃಖ ಮುಗಿದ ಮೇಲೆ ಮಗುವಿನ ಕೆಲಸ ಶುರು ಮಾಡೋಣ ಅಂತ ಕೂರಬೇಡಿ. ದುಃಖಕ್ಕೆ ಗಡುವಿಲ್ಲ, ಅದು ತನ್ನ ಪಾಡಿಗೆ ಇರಲಿ. ಭಾಷೆಗೆ ಗಡುವಿದೆ. 1 ತಿಂಗಳೊಳಗೆ ಮೊದಲ ಪರೀಕ್ಷೆ, 3 ತಿಂಗಳೊಳಗೆ ಖಚಿತ, 6 ತಿಂಗಳೊಳಗೆ ಸಹಾಯ ಶುರು ಅನ್ನುವುದು ಈ ಕ್ಷೇತ್ರದಲ್ಲಿ ಹೆಚ್ಚಿನವರು ಇಟ್ಟುಕೊಂಡಿರುವ ಗುರಿ. 1998ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ-ಇಟಾನೊ ಮತ್ತು ಸಂಗಡಿಗರು ತೋರಿಸಿದ್ದೂ ಅದನ್ನೇ. 6 ತಿಂಗಳೊಳಗೆ ಗೊತ್ತಾಗಿ ಸಹಾಯ ಸಿಕ್ಕ ಮಕ್ಕಳ ಭಾಷೆ, ತಡವಾಗಿ ಗೊತ್ತಾದವರಿಗಿಂತ ಮುಂದಿತ್ತು. ಕಿವುಡು ಜಾಸ್ತಿ ಇದ್ದರೂ, ಕಡಿಮೆ ಇದ್ದರೂ ಹಾಗೇ. ನಿಮ್ಮ ಮಗನಿಗೆ 4 ತಿಂಗಳು, 6 ತಿಂಗಳಿಗೆ ಇನ್ನೂ ಸಮಯ ಇದೆ.

ಹಿಯರಿಂಗ್ ಏಡ್ ಇಷ್ಟು ಚಿಕ್ಕ ಮಕ್ಕಳಿಗೂ ಹಾಕುತ್ತಾರೆ. ಮೊದಲ ಸಲ ಹಾಕಿದಾಗ ಮಗು ಬೆರಗಾಗಿ ನಗುವ ವೀಡಿಯೋಗಳನ್ನು ನಿಮ್ಮ ಗಂಡ ನೋಡಿಯೇ ಇರುತ್ತಾರೆ. ನಿಮ್ಮ ಮಗ ನಗದೇ ಇರಬಹುದು. ಸುಮ್ಮನೆ ನೋಡಬಹುದು, ಅಳಬಹುದು, ಕಿತ್ತು ಬಾಯಿಗೆ ಹಾಕಿಕೊಳ್ಳಬಹುದು. ಅದರಿಂದ ಎದೆಗುಂದಬೇಡಿ. ಕಿವಿ ಬೆಳೆದಂತೆ ಏಡಿನ ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿ ಕುಂಯ್ ಅಂತ ಸದ್ದು ಬರುತ್ತದೆ, ಆಗ ಹೊಸ ಅಚ್ಚು ಮಾಡಿಸಬೇಕು. ತೀರಾ ಜಾಸ್ತಿ ಕಿವುಡಿದ್ದರೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಂದು ಭಾಗವನ್ನು ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸಿ, ಇನ್ನೊಂದನ್ನು ಹೊರಗೆ ಹಾಕುವ ಯಂತ್ರದ ಪ್ರಸ್ತಾಪ ಬರುತ್ತದೆ. ಅದು ಆಪರೇಷನ್ ಆದ ದಿನವೇ ಕೇಳಿಸುವಂಥದ್ದಲ್ಲ. ಕೆಲವು ವಾರ ಬಿಟ್ಟು ಆನ್ ಮಾಡುತ್ತಾರೆ, ಆಮೇಲೆ ಕೇಳುವುದನ್ನೇ ಮಗು ವರ್ಷಗಟ್ಟಲೆ ಕಲಿಯಬೇಕು. ಹೊರಗಿನ ಯಂತ್ರ ತೆಗೆದರೆ ಮಗು ಮತ್ತೆ ಕಿವುಡೇ.

ಅದಕ್ಕೇ ನಾನು ಸನ್ನೆ ಭಾಷೆಯನ್ನೂ ಇವತ್ತಿನಿಂದಲೇ ಶುರು ಮಾಡಿ ಅನ್ನುತ್ತೇನೆ. ‘ಸನ್ನೆ ಕಲಿಸಿದರೆ ಮಾತು ಬರಲ್ಲ’ ಅಂತ ಹೇಳುವವರು ನಿಮಗೂ ಸಿಗುತ್ತಾರೆ. ಈ ಭಯ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರು ಕಿವುಡರ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಸಾಕು ಅಂತ ತೀರ್ಮಾನಿಸಿದರು. ಆಮೇಲೆ ಎಷ್ಟೋ ತಲೆಮಾರಿನ ಮಕ್ಕಳು ಅದರ ಫಲ ಉಂಡರು. ಅದಕ್ಕೆ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನ ಕಿವುಡರ ಶಿಕ್ಷಣದ ಸಮ್ಮೇಳನದಲ್ಲಿ. ಮಿದುಳಿಗೆ ಭಾಷೆ ಕಿವಿಯಿಂದ ಬಂದರೂ ಸರಿ, ಕಣ್ಣಿನಿಂದ ಬಂದರೂ ಸರಿ. ಸನ್ನೆ ನೋಡುತ್ತಾ ಬೆಳೆಯುವ ಕಿವುಡ ಮಕ್ಕಳು ಕೈಯಲ್ಲೇ ‘ಬ ಬ ಬ’ ಅಂತ ತೊದಲುತ್ತಾರೆ ಅಂತ 1991ರಲ್ಲಿ ಲಾರಾ ಆನ್ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ ತೋರಿಸಿದರು.

ಇನ್ನು ನಿಮ್ಮ ಜೋಗುಳ. ಹಾಡಿ, ಅಮ್ಮ. ಈಗಲೇ ಮತ್ತೆ ಶುರು ಮಾಡಿ. ಮಗುವಿಗೆ ಹೇಗೂ ಕೇಳಿಸಲ್ಲ ಅಂತ ಮಾತು ನಿಲ್ಲಿಸಿದ ಮನೆಯಲ್ಲಿ ಮುಖವೂ ಮೌನವಾಗಿಬಿಡುತ್ತದೆ. ಹುಬ್ಬು ಏರುವುದಿಲ್ಲ, ಕಣ್ಣು ಅರಳುವುದಿಲ್ಲ. ಕಿವುಡ ಮಗುವಿಗೆ ನಿಜವಾಗಿ ನಷ್ಟ ಆಗುವುದು ಅಲ್ಲಿ. ಅವನನ್ನು ಎದೆಗೆ ಒತ್ತಿಕೊಂಡು ಹಾಡಿದರೆ ಸ್ವರದ ಅದುರು ಅವನ ಕೆನ್ನೆಗೆ ಮುಟ್ಟುತ್ತದೆ. ಅವನು ಎಚ್ಚರ ಇದ್ದಾಗ ಹಾಡುವುದಾದರೆ ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಕೂರಿ, ಬೆನ್ನಿಗೆ ಕಿಟಕಿ ಬೇಡ. ಕೈ ಬೀಸುತ್ತಾ ಹಾಡಿ. ಅವನು ಬೇರೆ ಕಡೆ ನೋಡಿದರೆ ಕಾಯಿರಿ. ಅವನ ನೋಟ ನಿಮ್ಮ ಕಡೆ ವಾಪಸು ಬಂದ ಮೇಲೆ ಮುಂದುವರಿಸಿ.

ಪ್ರಶ್ನೆ: ಮಗಳಿಗೆ 11 ತಿಂಗಳು, ಎರಡೂ ಕಿವಿಗೆ ಹಿಯರಿಂಗ್ ಏಡ್ ಇದೆ. ಹೊರಗೆ ಹೋದಾಗ ಜನ ದಿಟ್ಟಿಸುತ್ತಾರೆ, ‘ಅಯ್ಯೋ ಪಾಪ’ ಅನ್ನುತ್ತಾರೆ. ನಾನು ಟೋಪಿ ಹಾಕಿ ಮುಚ್ಚಿಬಿಡುತ್ತೇನೆ. ಆಮೇಲೆ ಮನೆಗೆ ಬಂದು ಬೇಜಾರಾಗುತ್ತದೆ. ಅಪ್ಪನಾಗಿ ಏನು ಹೇಳಬೇಕು ಅವರಿಗೆ?

ಉತ್ತರ: ಮುಚ್ಚಿದ್ದಕ್ಕೆ ನಿಮ್ಮನ್ನು ಬೈದುಕೊಳ್ಳಬೇಡಿ. ಟೋಪಿಯ ಬಟ್ಟೆ ಮೈಕಿಗೆ ಅಡ್ಡ ಬರುತ್ತದೆ, ಆ ಕಾರಣಕ್ಕಾದರೂ ಅದನ್ನು ಬಿಡಿ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಒಂದು ವಾಕ್ಯ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಮೊದಲ ಹತ್ತು ಸಲ ಗಂಟಲು ಕಟ್ಟುತ್ತದೆ, ಆಮೇಲೆ ಸಲೀಸಾಗುತ್ತದೆ. ತುಂಬಾ ವಿವರ ಬೇಡ, ಕಾರಣ ಹೇಳುವ ಅಗತ್ಯವೂ ಇಲ್ಲ. ‘ನಮ್ಮ ಮಗಳಿಗೆ ಕಿವಿ ಕೇಳಿಸುವುದಿಲ್ಲ, ಇದು ಅವಳ ಯಂತ್ರ. ಮುಂದೆ ಬಂದು ಮಾತಾಡಿಸಿ, ಅವಳು ನಿಮ್ಮ ಮುಖ ನೋಡುತ್ತಾಳೆ’ ಅನ್ನಿ, ಸಾಕು. ಹಾಗಂದ ತಕ್ಷಣ ಹೆಚ್ಚಿನವರು ಮಂಡಿಯೂರಿ ಅವಳ ಎದುರು ಕೂರುತ್ತಾರೆ.