ಪತ್ರದಲ್ಲಿ ಸಿಕ್ಕಿದಿರಿ, ಲೇಖನದಲ್ಲಿ ಸಿಗಲಿಲ್ಲ

ಪ್ರಿಯರೇ, ನಮಸ್ಕಾರ.

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆಯ ಬಗ್ಗೆ ಹಾಸನದಿಂದ ನೀವು ಕಳಿಸಿದ ‘ಟ್ರಯಾಥ್ಲಾನ್: ಪೂರ್ವದಿನದ ಸಿದ್ಧತೆ’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಅದರ ಜೊತೆ ಒಂದು ಪುಟದ ಪತ್ರ ಇಟ್ಟಿದ್ದಿರಲ್ಲ, ಅದನ್ನು ಪಕ್ಕದ ಮೇಜಿನವರಿಗೂ ಓದಿ ಹೇಳಿದೆ.

ನಿಮ್ಮ ಲೇಖನದ ಮೊದಲ ಸಾಲು: ‘ಸ್ಪರ್ಧಾಳುವು ಪೂರ್ವದಿನದಂದು ಸಮರ್ಪಕ ಪೋಷಣೆ ಹಾಗೂ ವಿಶ್ರಾಂತಿಯನ್ನು ಪಡೆದುಕೊಳ್ಳತಕ್ಕದ್ದು.’ ಪತ್ರದ ಮೊದಲ ಸಾಲುಗಳು: ‘ಅಮ್ಮ ಬೆಳಿಗ್ಗೆಯಿಂದ ಕೂತು ಅವರೆಕಾಯಿ ಸುಲಿದಿದ್ದರು. ತಟ್ಟೆಗೆ ಮುದ್ದೆ ಹಾಕಲು ಬಂದರು. ಬೇಡ ಅಂದೆ. ಏನೂ ಮಾತಾಡದೆ ಅನ್ನ ಬಡಿಸಿದರು.’ ಮೊದಲನೆಯದನ್ನು ಯಾರು ಬೇಕಾದರೂ ಬರೆಯಬಹುದು. ಎರಡನೆಯದನ್ನು ಬರೆಯಲು ಆ ತಟ್ಟೆಯ ಮುಂದೆ ಕೂತಿರಬೇಕು.

ಅವರೆ ಸೀಸನ್‌ನಲ್ಲಿ ಹಾಸನದ ಮನೆಯೊಂದರಲ್ಲಿ ಅವರೆಕಾಳು ಸಾರು ಬೇಡ ಅನ್ನುವುದು ಸಣ್ಣ ಮಾತೇನಲ್ಲ. ಯಾಕೆ ಬೇಡ ಅಂದಿರಿ? ಅದನ್ನು ‘ನಾರಿನಂಶ ಅಧಿಕವಿರುವ ಆಹಾರ ವರ್ಜ್ಯ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಬಿಡಿಸಿ ಹೇಳಿ. ಅವರೆಕಾಳಿನಲ್ಲಿರುವ ಕೆಲವು ಬಗೆಯ ಸಕ್ಕರೆ ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣ ಆಗುವುದಿಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದರಿಂದ ಗ್ಯಾಸ್ ಮಾಡುತ್ತವೆ. ರಾಗಿಯಲ್ಲಿ ನಾರು ಜಾಸ್ತಿ. ಬೇರೆ ದಿನ ಅದೇ ರಾಗಿಯ ಒಳ್ಳೆ ಗುಣ. ಆದರೆ ಮರುದಿನ ಬೆಳಿಗ್ಗೆ ಸೈಕಲ್ ಮೇಲೆ ಬಗ್ಗಿ ಕೂತು, ಇಳಿದ ಕೂಡಲೇ ಓಡಬೇಕಾದವರಿಗೆ ಹೊಟ್ಟೆ ಹಗುರ ಇರಬೇಕು. ಅದಕ್ಕೇ ಬಿಳಿ ಅನ್ನ, ತಿಳಿಸಾರು, ಇಡ್ಲಿ. ಇಷ್ಟು ಬರೆದರೆ ಓದಿದ ಹುಡುಗ ಅಡುಗೆಮನೆಗೆ ಹೋಗಿ ತಾಯಿಗೆ ವಿವರಿಸಬಲ್ಲ. ಪಾಸ್ತಾ, ಬೇಗಲ್, ಕಿನೋವಾ ಎಲ್ಲ ತೆಗೆದುಬಿಡಿ. ಅವನ್ನು ನೀವು ತಿಂದಿಲ್ಲ. ಹಿಂದಿನ ದಿನ ಅಭ್ಯಾಸ ಇಲ್ಲದ್ದನ್ನು ತಿನ್ನಬೇಡಿ ಅಂತ ಏಳನೇ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ, ಅಲ್ವಾ?

ಈಗ ತಪ್ಪುಗಳಿಗೆ ಬರುತ್ತೇನೆ. ಇವುಗಳಲ್ಲಿ ಒಂದು ಅಪಾಯದ್ದು. ‘ಹಿಂದಿನ ದಿನ ಕನಿಷ್ಠ 6 ಲೀಟರ್ ನೀರು ಕುಡಿಯಿರಿ’ ಅಂದಿದ್ದೀರಿ. ದಯವಿಟ್ಟು ಈ ಸಾಲನ್ನು ಎಲ್ಲೂ ಬರೆಯಬೇಡಿ. ಬರೀ ನೀರನ್ನು ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಓಟದ ಸ್ಪರ್ಧೆಗಳಲ್ಲಿ ಇದರಿಂದ ಜೀವ ಹೋದದ್ದೂ ಇದೆ. ಬಾಯಾರಿದ ಹಾಗೆ ಕುಡಿದರೆ, ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಉಪ್ಪು ಹಾಕಿದ ಮಜ್ಜಿಗೆ ರೂಢಿ ಇರುವವರು ಅದನ್ನೇ ಕುಡಿಯಲಿ. ನಮ್ಮ ಓದುಗರು ಅಚ್ಚಾದದ್ದನ್ನು ನಂಬುತ್ತಾರೆ. ಹೊಳೆನರಸೀಪುರದ ಕಾಲೇಜು ಹುಡುಗಿಯೊಬ್ಬಳು ನಿಮ್ಮ ಮಾತು ಕೇಳಿ ಆರು ಬಾಟಲಿ ತುಂಬಿಸಿಟ್ಟುಕೊಂಡರೆ ಅದಕ್ಕೆ ನೀವೂ ನಾನೂ ಇಬ್ಬರೂ ಹೊಣೆ.

ಎರಡನೆಯದು, ‘ರಾತ್ರಿ ಹೊಟ್ಟೆ ತುಂಬಾ ಕಾರ್ಬ್ ಲೋಡಿಂಗ್’, ಅಂದರೆ ಸ್ಪರ್ಧೆಗೆ ಮುಂಚೆ ಅನ್ನದಂಥ ಕಾರ್ಬೋಹೈಡ್ರೇಟ್ ಆಹಾರ ಜಾಸ್ತಿ ತಿಂದು ಮೈಯಲ್ಲಿ ಶಕ್ತಿ ಕೂಡಿಡುವುದು. ಇಲ್ಲಿ ಲೆಕ್ಕ ಹಾಕಿ ನೋಡಬೇಕಿತ್ತು. ಒಂದೂವರೆ ಗಂಟೆಗಿಂತ ದೀರ್ಘವಾದ ಸ್ಪರ್ಧೆಗೆ ದಿನಕ್ಕೆ, ದೇಹದ ತೂಕದ ಕಿಲೋಗೆ ಸುಮಾರು 10 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುತ್ತಾರೆ. 60 ಕಿಲೋ ತೂಗುವವರಿಗೆ 600 ಗ್ರಾಂ ಆಯಿತು. ಬೆಂದ ಅನ್ನ 100 ಗ್ರಾಂ ತಿಂದರೆ ಸಿಗುವುದು ಸುಮಾರು 28 ಗ್ರಾಂ. ಅನ್ನ ಒಂದರಿಂದಲೇ ಆಗಬೇಕಾದರೆ ಎರಡು ಕಿಲೋ ಮೇಲೆ ಉಣ್ಣಬೇಕು! ಒಂದು ರಾತ್ರಿಯ ಊಟಕ್ಕೆ ಆಗುವ ಮಾತೇ? ಅದಕ್ಕೇ ಇದನ್ನು ಒಂದೂವರೆ, ಎರಡು ದಿನ ಮೊದಲಿನಿಂದ ಹಂಚಿಕೊಂಡು ತಿನ್ನುವುದು. ಅನ್ನದ ಜೊತೆ ಇಡ್ಲಿ, ಬಾಳೆಹಣ್ಣು, ಬೆಲ್ಲದ ಪಾನಕ. ಹಿಂದಿನ ದಿನದ ದೊಡ್ಡ ಊಟ ಮಧ್ಯಾಹ್ನವೇ ಆಗಲಿ, ರಾತ್ರಿ ಬೇಗ, ಕಡಿಮೆ. ಮರುದಿನ ತೂಕ ಒಂದು ಕಿಲೋ ಏರಿದರೆ ಗಾಬರಿ ಆಗಬಾರದು ಅಂತಲೂ ಹೇಳಿ. ತಿಂದ ಕಾರ್ಬೋಹೈಡ್ರೇಟ್ ಸ್ನಾಯುವಿನಲ್ಲಿ ಗ್ಲೈಕೋಜನ್ ಆಗಿ ಕೂಡಿಕೊಳ್ಳುತ್ತದೆ, ಅದರ ಒಂದು ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರೂ ನಿಲ್ಲುತ್ತದೆ.

ಇದೆಲ್ಲ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಹೇಳಲು ದೂರ ಹೇಳಬೇಕು. ಇಡೀ ಲೇಖನದಲ್ಲಿ ಅದಿಲ್ಲ. ಸ್ಪ್ರಿಂಟ್ ಟ್ರಯಾಥ್ಲಾನ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಅದಕ್ಕೆ ಎಂದಿನ ಊಟ ಸಾಕು. ಐರನ್‌ಮ್ಯಾನ್ ಅಂದರೆ ಅದೇ ಕ್ರಮದಲ್ಲಿ 3.8, 180, 42.2 ಕಿ.ಮೀ. ನೀವು ಮಾಡಿದ್ದು 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ನಡೆಯುತ್ತಿರುವ ದೂರ: 1.5, 40, 10 ಕಿ.ಮೀ. ಇದನ್ನು ನಮ್ಮೂರಿನ ಅಳತೆಯಲ್ಲಿ ಹೇಳಿ. 25 ಮೀಟರ್ ಕೊಳದಲ್ಲಿ 60 ಸಲ ದಾಟಬೇಕು. ಆಮೇಲೆ ಹೆಚ್ಚು ಕಡಿಮೆ ಹಾಸನದಿಂದ ಬೇಲೂರಿನ ತನಕ ಪೆಡಲ್ ತುಳಿಯಬೇಕು. ಅಲ್ಲಿ ಇಳಿದು 10 ಕಿ.ಮೀ. ಓಡಬೇಕು.

ಕಾಫಿ ವಿಷಯ. ‘ಒಂದು ವಾರ ಮೊದಲೇ ಕಾಫಿ ತ್ಯಜಿಸಿ’ ಅಂದಿದ್ದೀರಿ. ಕಾಫಿ ಬೆಳೆಯುವ ಸೀಮೆಯವರಿಗೆ ಹೇಳುವ ಮುಂಚೆ ಸ್ವಲ್ಪ ಯೋಚಿಸಿ. ದಿನಾ ಎರಡು ಲೋಟ ಕುಡಿಯುವವರು ಥಟ್ಟನೆ ಬಿಟ್ಟರೆ ತಲೆ ಸಿಡಿಯುತ್ತದೆ. ನೀವು ಬಿಟ್ಟಿದ್ದಿರಾ? ಪತ್ರದಲ್ಲಿ ‘ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದೆವು’ ಅಂತಿದೆ. ಸಂಜೆ ಮೇಲೆ ಬೇಡ ಅಂದರೆ ಆಯಿತು.

ಶಿರಾಡಿ ಘಾಟಿ ಇಳಿದ ಕತೆಯನ್ನು ಲೇಖನಕ್ಕೆ ತನ್ನಿ. ಚಕ್ರ ಬಿಚ್ಚಿದ ಸೈಕಲ್ಲು ಹಿಂದಿನ ಸೀಟಿನಲ್ಲಿ, ನೀವು ಮುಂದೆ ಕಾಲು ಮಡಚಿಕೊಂಡು ಗಂಟೆಗಟ್ಟಲೆ. ಕರಾವಳಿ ತಲುಪಿದ ಮೇಲೆ ಚಕ್ರ ಜೋಡಿಸಿ 20 ನಿಮಿಷ ನಿಧಾನಕ್ಕೆ ತುಳಿದಿರಿ, ಹಿಂದಿನ ಬ್ರೇಕ್ ಉಜ್ಜುತ್ತಿತ್ತು, ಸರಿ ಮಾಡಿದಿರಿ. ‘ಉಪಕರಣಗಳನ್ನು ಪರಿಶೀಲಿಸತಕ್ಕದ್ದು’ ಅಂದರೆ ಇದೇ ತಾನೆ?

22 ಸಾಮಾನುಗಳ ಪಟ್ಟಿ ಬೇಡ. ಅದರ ಬದಲು ಪತ್ರದ ಈ ಸಾಲು ಹಾಗೇ ಇರಲಿ: ‘ಲಾಡ್ಜಿನ ನೆಲದ ಮೇಲೆ ಟವೆಲ್ ಹಾಸಿ, ಈಜಿನದು ಎಡಕ್ಕೆ, ಸೈಕಲ್ಲಿನದು ಮಧ್ಯಕ್ಕೆ, ಓಟದ್ದು ಬಲಕ್ಕೆ ಇಟ್ಟು, ಕಣ್ಣು ಮುಚ್ಚಿ ಕೈಯಾಡಿಸಿ ನೋಡಿದೆ.’ ಇದನ್ನು ಓದಿದಾಗ ನನ್ನ ಕೈಯೂ ಮುಂದೆ ಹೋಯಿತು. ಒಂದು ಮಾತು ಮಾತ್ರ ಸೇರಿಸಿ: ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಮುಂಚೆಯೇ ಹೆಲ್ಮೆಟ್ ಪಟ್ಟಿ ಬಿಗಿದಿರಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ. ಹೊಸಬರು ಇಲ್ಲೇ ಎಡವುವುದು.

ಕೊನೆಗೆ ನಿದ್ದೆ. ಲೇಖನದಲ್ಲಿ ‘ಎಂಟು ಗಂಟೆ ನಿದ್ರೆ ಕಡ್ಡಾಯ’. ಪತ್ರದಲ್ಲಿ ‘ಎರಡು ಗಂಟೆ ತನಕ ಫ್ಯಾನ್ ನೋಡುತ್ತಾ ಮಲಗಿದ್ದೆ, ಎಲ್ಲ ಮುಗೀತು ಅಂದುಕೊಂಡೆ’. ಆದರೂ ಬೆಳಿಗ್ಗೆ ಎದ್ದು ಹೋಗಿ ಮೂರನ್ನೂ ಮುಗಿಸಿದಿರಲ್ಲ! ಅದನ್ನು ಯಾಕೆ ಮುಚ್ಚಿಟ್ಟಿರಿ? ಮೊದಲ ಸ್ಪರ್ಧೆಯ ಹಿಂದಿನ ರಾತ್ರಿ ತುಂಬಾ ಜನಕ್ಕೆ ನಿದ್ದೆ ಬರುವುದಿಲ್ಲ. ಅದಕ್ಕೂ ಮುಂಚಿನ ರಾತ್ರಿಗಳಲ್ಲಿ ಚೆನ್ನಾಗಿ ಮಲಗಿದ್ದರೆ ಆ ಒಂದು ರಾತ್ರಿ ಹೋದರೂ ನಡೆಯುತ್ತದೆ. ಕತ್ತಲಲ್ಲಿ ಎಚ್ಚರವಾಗಿ ಹೆದರಿಕೊಂಡು ಮಲಗಿರುವವರಿಗೆ ಕಡ್ಡಾಯ ಅನ್ನುವ ಪದದಿಂದ ಹೆದರಿಕೆ ಜಾಸ್ತಿಯಾಗುತ್ತದೆ. ನಿಮ್ಮ ಫ್ಯಾನಿನ ಕತೆ ಕೇಳಿದರೆ ಕಡಿಮೆಯಾಗುತ್ತದೆ.

ಲೇಖನ ಪಕ್ಕಕ್ಕಿಡಿ. ಪತ್ರವನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆಯಿರಿ. 900 ಪದ ಸಾಕು. ಮುದ್ದೆ ಬೇಡ ಅಂದಲ್ಲಿಂದಲೇ ಶುರು ಮಾಡಿ. ತಿಂಗಳೊಳಗೆ ಕಳಿಸಿದರೆ ನಾನೇ ಕೂತು ತಿದ್ದುತ್ತೇನೆ.

ಮತ್ತೆ, ಅಮ್ಮ ಮಾಡಿದ್ದ ಆ ಸಾರು ಏನಾಯಿತು? ವಾಪಸ್ ಬಂದ ಮೇಲೆ ಇನ್ನೊಂದು ಸಲ ಮಾಡಿ ಬಡಿಸಿದರಾ? ಪತ್ರದಲ್ಲೂ ಅದಿಲ್ಲ. ಬರೆಯಿರಿ.

ಇಂತಿ,
ಸಂಪಾದಕ