ಮೈಸೂರಿನಿಂದ ಚೆನ್ನೈ ಬಂದರಿಗೆ ಹೋದ ಕಂಟೇನರ್ ಲಾರಿ ವಾಪಸ್ ಬರಲು ಯಾಕಿಷ್ಟು ದಿನ?

ದಾರಿ ಸುಮಾರು 480 ಕಿ.ಮೀ. ಅಷ್ಟೇ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸಂಜೆ ಕಂಟೇನರ್ ಬಾಗಿಲಿಗೆ ಸೀಲ್ ಹಾಕಿಸಿಕೊಂಡು ಹೊರಟ ಟ್ರೈಲರ್ ಮರುದಿನವೇ ಚೆನ್ನೈ ಮುಟ್ಟಬಹುದು. ಕಷ್ಟ ಶುರುವಾಗುವುದು ಬಂದರಿನ ಗೇಟ್ ಹತ್ತಿರ.

ಒಳಗೆ ಬಿಡಲು ಫಾರ್ಮ್ 13 ಎಂಬ ಗೇಟ್ ಪ್ರವೇಶ ಪತ್ರ ಬೇಕು. ಅದರಲ್ಲಿರುವ ಕಂಟೇನರ್ ನಂಬರ್, ಸೀಲ್ ನಂಬರ್ ಎರಡೂ ಗಾಡಿ ಮೇಲಿರುವುದಕ್ಕೆ ತಾಳೆಯಾಗಬೇಕು. ಒಂದು ಅಂಕಿ ತಪ್ಪಿದರೂ ಪಕ್ಕಕ್ಕೆ ನಿಲ್ಲಿಸುತ್ತಾರೆ. ತಪ್ಪು ಟೈಪ್ ಮಾಡಿದವರು ಮೈಸೂರಿನ ಆಫೀಸಿನಲ್ಲಿ ಫ್ಯಾನ್ ಕೆಳಗೆ, ಬಿಸಿಲಲ್ಲಿ ಕಾಯುವವನು ಡ್ರೈವರ್! ಕ್ಯೂ ಉದ್ದವಿದ್ದರೆ ಗಾಡಿ ಬಿಟ್ಟು ಇಳಿಯುವ ಹಾಗೂ ಇಲ್ಲ. ಮುಂದಿನ ಲಾರಿ ನಾಲ್ಕಡಿ ಜರುಗಿದರೆ ಇವನೂ ಜರುಗಬೇಕು. ಊಟ, ನಿದ್ದೆ ಎಲ್ಲ ಸೀಟಿನಲ್ಲೇ. ಟ್ರಿಪ್ ಲೆಕ್ಕದಲ್ಲಿ ದುಡಿಯುವವನಿಗೆ ಸುಮ್ನೆ ಕಾದ ದಿನಕ್ಕೆ ಕಾಸಿಲ್ಲ. ಮಾಲೀಕನಿಗೂ ಅಷ್ಟೇ, ಸಾಲದ ಕಂತು ಕಾಯುತ್ತಾ ಕೂರುವುದಿಲ್ಲ ಅಲ್ವಾ?

ಆಮದು ಮಾಲು ತಂದವರಿಗೆ ಖಾಲಿಯಾದ ಕಂಟೇನರ್ ಡಬ್ಬಿಯದೇ ತಲೆನೋವು. ಅದು ಹಡಗು ಕಂಪನಿಯದ್ದು. ಅವರು ಕೊಟ್ಟ ಉಚಿತ ದಿನ ಮೀರಿದರೆ ಡಿಟೆನ್ಷನ್, ಅಂದರೆ ಡಬ್ಬಿ ತಡವಾಗಿ ಒಪ್ಪಿಸಿದ್ದಕ್ಕೆ ದಿನದ ಲೆಕ್ಕದ ಶುಲ್ಕ ಬೀಳುತ್ತದೆ. ಅವರು ಹೇಳಿದ ಯಾರ್ಡಿಗೇ ಒಪ್ಪಿಸಬೇಕು, ಅಲ್ಲಿ ಜಾಗ ಇಲ್ಲ ಅಂದರೆ ಮತ್ತೆ ಕಾಯಬೇಕು.

ಕಾಯುವ ಪಾಡು ಚೆನ್ನೈ ದಾರಿಯಲ್ಲಷ್ಟೇ ಅಲ್ಲ. ಕೇರಳದ ಕಡೆಗೆ ಬಂಡೀಪುರದ ಕಾಡಿನ ದಾರಿ ಹಿಡಿದವರಂತೂ, ಅಲ್ಲಿ ರಾತ್ರಿ ಸಂಚಾರ ನಿಷೇಧ ಇರುವುದರಿಂದ, ರಾತ್ರಿ 9ರೊಳಗೆ ಚೆಕ್‌ಪೋಸ್ಟ್ ದಾಟದಿದ್ದರೆ ಬೆಳಿಗ್ಗೆ 6ರವರೆಗೆ ಅಲ್ಲೇ ಠಿಕಾಣಿ.